ನಿಮಗಿದು ಗೊತ್ತೇ? ಪಕ್ಕದವರ ಪಾಯ, ನಿಮ್ಮ ಗೋಡೆ

ಪಕ್ಕದ ಸೈಟಿಗೆ ಜೆಸಿಬಿ ಬಂತೆಂದರೆ ನಾವು ಧೂಳು, ಸದ್ದಿನ ಬಗ್ಗೆ ಜಗಳ ತೆಗೆಯುತ್ತೇವೆ. ಮೊದಲು ವಿಚಾರಿಸಬೇಕಾದದ್ದು ಪಾಯ ಎಷ್ಟು ಆಳ ಎಂದು.

● ನಿಮ್ಮ ನೆಲ ಕುಸಿಯದಂತೆ ಪಕ್ಕದ ಮಣ್ಣು ಕೊಡುವ ಆಸರೆ ನಿಮ್ಮ ಹಕ್ಕು. 1882ರ ಭಾರತೀಯ ಈಸ್‌ಮೆಂಟ್ (ಪರರ ಆಸ್ತಿಯ ಮೇಲಿನ ಅನುಭೋಗದ ಹಕ್ಕು) ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಇದು ಜಮೀನಿನ ಜೊತೆಗೇ ಬರುತ್ತದೆ, ಕರಾರುಪತ್ರ ಬೇಡ. ಆದರೆ ಇದು ಬರಿಯ ನೆಲದ ಮಾತು.

● ನೆಲದ ಮೇಲೆ ಮನೆ ಎದ್ದರೆ ಲೆಕ್ಕ ಬೇರೆ. ಪಕ್ಕದವರ ನೆಲದ ಅಥವಾ ಗೋಡೆಯ ಆಸರೆಯನ್ನು ನಿಮ್ಮ ಕಟ್ಟಡ 20 ವರ್ಷ ತಂಟೆತಕರಾರಿಲ್ಲದೆ ಹಕ್ಕಿನಿಂದ ಪಡೆದಿರಬೇಕು. ಪಕ್ಕದ್ದು ಸರ್ಕಾರಿ ಜಾಗವಾದರೆ 30 ವರ್ಷ. ಅಜ್ಜನ ಕಾಲದ ಕಂದಾಯ ರಸೀದಿಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಮನೆ ಎಷ್ಟು ಹಳೆಯದೆಂದು ತೋರಿಸಲು ಅವು ಬೇಕಾಗುತ್ತವೆ.

● ಇಂಥದೇ 20 ವರ್ಷದ ಲೆಕ್ಕದ ಮೇಲೆ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ವ್ಯಾಜ್ಯವೂ ನಡೆದಿತ್ತು. ನ್ಯೂಕ್ಯಾಸಲ್‌ನಲ್ಲಿ ಒಂದಕ್ಕೊಂದು ತಾಗಿದ್ದ ಎರಡು ಮನೆಗಳು. 1849ರಲ್ಲಿ ಒಂದು ಮನೆಯವರು ಒಳಗೋಡೆಗಳನ್ನು ತೆಗೆದು ಸಾರೋಟು ಮಾಡುವ ಕಾರ್ಖಾನೆ ಮಾಡಿಕೊಂಡರು. ತೊಲೆಗಳ ಭಾರವೆಲ್ಲ ಪಕ್ಕದ ಮನೆಯ ಕಡೆಗಿದ್ದ ಇಟ್ಟಿಗೆಯ ಕಂಬದ ಮೇಲೆ ಬಿತ್ತು. 27 ವರ್ಷ ಕಳೆದ ಮೇಲೆ ಆ ಪಕ್ಕದ ಮನೆ ಕೆಡವಿ, ಆಳವಾಗಿ ಮಣ್ಣು ತೆಗೆದರು. ಕಂಬ ಕುಸಿಯಿತು, ಕಾರ್ಖಾನೆ ಉರುಳಿತು. 1881ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕಾರ್ಖಾನೆಯವರ ಪರ ತೀರ್ಪು ಕೊಟ್ಟಿತು. ‘ಅಗೆದದ್ದು ಕಂಟ್ರಾಕ್ಟರು, ನಾವಲ್ಲ’ ಎಂಬ ವಾದವೂ ನಿಲ್ಲಲಿಲ್ಲ. ಕೆಲಸ ಮಾಡಿಸಿದವರೂ ಹೊಣೆಯಾದರು. ಅದೇ ವಾದವನ್ನು ನಮ್ಮ ಬೀದಿಗಳಲ್ಲಿ ಇವತ್ತಿಗೂ ಕೇಳುತ್ತೇವೆ.

● ಈಸ್‌ಮೆಂಟ್ ಕಾಯ್ದೆ 1882ರ ಜುಲೈ 1ರಂದು ಜಾರಿಗೆ ಬಂದಾಗ ಅನ್ವಯಿಸಿದ ಮೊದಲ ಪ್ರಾಂತ್ಯಗಳಲ್ಲಿ ಕೊಡಗೂ ಒಂದು.

● ಅಣ್ಣತಮ್ಮಂದಿರು ಒಂದೇ ಮನೆಯನ್ನು ಪಾಲು ಮಾಡಿಕೊಂಡಿದ್ದಾರೆ, ನಡುಗೋಡೆಯ ಬಗ್ಗೆ ಪಾಲುಪತ್ರದಲ್ಲಿ ಒಂದಕ್ಷರವೂ ಇಲ್ಲ. ಹಾಗಿದ್ದರೂ ತಮ್ಮ ತನ್ನ ಪಾಲಿನಲ್ಲಿ ಬಾಳಲು ಅಣ್ಣನ ಪಾಲಿನ ಆಸರೆ ಬೇಕೇಬೇಕಾದರೆ ಅದು ತಮ್ಮನ ಹಕ್ಕು ಎನ್ನುತ್ತದೆ 13ನೇ ಸೆಕ್ಷನ್.

● ಅಣ್ಣ ತನ್ನ ಅರ್ಧ ಕೆಡವಿದ ದಿನ ತಮ್ಮನ ಒಳಗೋಡೆ ಹೊರಗೋಡೆಯಾಗುತ್ತದೆ. ಜಂತೆ ಕಿತ್ತ ತೂತುಗಳು, ದೀಪದ ಗೂಡು, ಸುಣ್ಣ ಬಳಿದ ಮಣ್ಣಿನ ಮೈ ಎಲ್ಲವೂ ಮಳೆಗೆ ತೆರೆದುಕೊಳ್ಳುತ್ತವೆ. ಗೋಡೆ ನೆನೆಯುವುದು ಮೇಲಿನ ಅಂಚಿನಿಂದ. ಹೀಗೆ ಬಯಲಾದ ಗೋಡೆಗೆ ಮಳೆಗಾಳಿಯಿಂದ ರಕ್ಷಣೆ ಮಾಡಿಕೊಡಬೇಕೆಂದು ಇಂಗ್ಲೆಂಡಿನ 1996ರ ಪಾರ್ಟಿ ವಾಲ್ (ಜಂಟಿ ಗೋಡೆ) ಕಾಯ್ದೆಯಲ್ಲಿದೆ. ನಮ್ಮಲ್ಲಿ ಇದನ್ನು ಕೆಡವುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ನೆಂಟಸ್ತಿಕೆಯ ಸಂಕೋಚ ಬೇಡ.

● ಆ ಪಾರ್ಟಿ ವಾಲ್ ಕಾಯ್ದೆ ಅನ್ವಯಿಸುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ಜಂಟಿ ಗೋಡೆಗೆ ಕೈ ಹಾಕಲು 2 ತಿಂಗಳ ಮುಂಚಿತ ನೋಟಿಸ್ ಕೊಡಬೇಕು. ಪಕ್ಕದ ಕಟ್ಟಡದಿಂದ 3 ಮೀಟರ್ ಒಳಗೆ, ಅದರ ಪಾಯಕ್ಕಿಂತ ಕೆಳಗೆ ಅಗೆಯಲು 1 ತಿಂಗಳು. ನೆರೆಯವರು 14 ದಿನ ಸುಮ್ಮನಿದ್ದರೆ ಒಪ್ಪಿಗೆ ಎಂದಲ್ಲ, ವಿವಾದ ಇದೆ ಎಂದೇ ಅರ್ಥ, ಸರ್ವೇಯರುಗಳು ತೀರ್ಮಾನಿಸುತ್ತಾರೆ. ಅಲ್ಲಿ ಸಾಲುಮನೆ ಕೊಂಡಿರುವ ಕನ್ನಡಿಗರು ಇದನ್ನು ನೆನಪಿಡಬೇಕು.

● ಗಾಂಧೀಜಿ ಓದಿದ ಇನ್ನರ್ ಟೆಂಪಲ್, ಅಂಬೇಡ್ಕರ್ ಓದಿದ ಗ್ರೇಸ್ ಇನ್ ಸೇರಿದಂತೆ ಲಂಡನ್ನಿನ ನಾಲ್ಕು ವಕೀಲ ಸಂಸ್ಥೆಗಳ ಜಾಗಕ್ಕೆ ಈ ಕಾಯ್ದೆಯಿಂದ ವಿನಾಯಿತಿ ಇದೆ.

● 2020ರಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಬಳಿ, ಹಿಂದೆ ಕಪಾಲಿ ಚಿತ್ರಮಂದಿರವಿದ್ದ ಜಾಗದಲ್ಲಿ ಆಳವಾಗಿ ಅಗೆದಿದ್ದಾಗ ಪಕ್ಕದ ಬಹುಮಹಡಿ ಕಟ್ಟಡ ಕುಸಿದುಬಿತ್ತು.

● ಮತ್ತೆ ನಮ್ಮ ಈಸ್‌ಮೆಂಟ್ ಕಾಯ್ದೆಗೆ ಬಂದರೆ, ಆಸರೆ ತೆಗೆದ ಮಾತ್ರಕ್ಕೇ ಪರಿಹಾರ ಸಿಗದು. ನಿಜವಾಗಿ ಗಣನೀಯ ಹಾನಿ ಆಗಿರಬೇಕು (ಸೆಕ್ಷನ್ 34). ಹಾಗೆಂದು ಗೋಡೆ ಬೀಳುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕೆಲಸ ಹೀಗೇ ಮುಂದುವರಿದರೆ ಹಕ್ಕಿಗೆ ಧಕ್ಕೆ ಆಗಿಯೇ ತೀರುತ್ತದೆ ಎಂದು ತೋರಿಸಿದರೆ ತಡೆಯಾಜ್ಞೆ ಕೇಳಬಹುದು (ಸೆಕ್ಷನ್ 35). ಸಾಮಾನ್ಯ ಮನೆಯವರಿಗೆ ಇಡೀ ಕಾಯ್ದೆಯಲ್ಲಿ ಇದಕ್ಕಿಂತ ಬೆಲೆಬಾಳುವ ಸಾಲು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

● ಹಕ್ಕಿಗೆ ಅಡ್ಡಬಂದದ್ದನ್ನು ನೀವೇ ಕೆಡವುವಂತಿಲ್ಲ. 36ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ತಡೆಯುತ್ತದೆ.

● ಬಿರುಕು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ? ಎಂಜಿನಿಯರುಗಳು ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಗಾಜು ಸೀಳಿತೆಂದರೆ ಗೋಡೆ ಇನ್ನೂ ಅಲುಗುತ್ತಿದೆ. ಪಾಯ ತೋಡುವ ಮುನ್ನವೇ ಪ್ರತಿ ಕೋಣೆಯ ಗೋಡೆ, ಮೂಲೆ, ಬಾಗಿಲ ಚೌಕಟ್ಟುಗಳ ಫೋಟೊ ತೆಗೆದಿಡಿ. ಸಾಧ್ಯವಾದರೆ ಪಕ್ಕದವರನ್ನೂ ಕರೆದು ತೋರಿಸಿ. ದಾವೆ ಹೂಡಿದ ಮೇಲೆ ಸ್ಥಳ ಪರಿಶೀಲನೆಗೆ ಕಮಿಷನರನ್ನು ಕಳುಹಿಸುವ ಅಧಿಕಾರ ಸಿವಿಲ್ ಕೋರ್ಟಿಗಿದೆ. ಅವರು ಬರುವ ಹೊತ್ತಿಗೆ ಬಿರುಕಿಗೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆದಿದ್ದರೆ ನೋಡಲು ಏನೂ ಉಳಿದಿರುವುದಿಲ್ಲ.