ನಿಯತಶೋಧನೆಯ ಫಲಗಳ ಆಯುರ್ಮಾನ

ಗಣಕಯಂತ್ರಗಳು ಬರೆದಿಡುವ ದಿನಚರಿಗಳನ್ನು ಶೋಧಿಸುವ ತಂತ್ರಾಂಶಗಳಲ್ಲಿ ಸ್ಪ್ಲಂಕ್ ಎಂಬುದು ಪ್ರಸಿದ್ಧವಾದುದು. ಅದರಲ್ಲಿ ಗೊತ್ತಾದ ಕಾಲಕ್ಕೆ ತಾನೇ ನಡೆಯುವ ಶೋಧನೆಯ ಫಲವು ‘ಡಿಸ್ಪ್ಯಾಚ್’ ಎಂಬ ಕೋಶದಲ್ಲಿ ಕೆಲಕಾಲ ಮಾತ್ರ ಉಳಿದು ಅನಂತರ ಅಳಿದುಹೋಗುವುದು. ಈ ಅವಧಿಯನ್ನು ನಿಶ್ಚಯಿಸುವ ಕ್ರಮವನ್ನರಿಯದಿದ್ದರೆ ಬೇಕಾದ ಸಾಕ್ಷ್ಯವು ಬೇಕಾದ ಹೊತ್ತಿಗೆ ದೊರೆಯದು.

ಅವಧಿಯನ್ನು ಗೊತ್ತುಪಡಿಸುವ ಅಂಶಕ್ಕೆ ‘ಡಿಸ್ಪ್ಯಾಚ್.ಟಿಟಿಎಲ್’ ಎಂದು ಹೆಸರು. ಅದರ ಸಹಜವಾದ ಬೆಲೆ ‘2ಪಿ’, ಎಂದರೆ ಶೋಧನೆಯ ಆವರ್ತನಕಾಲದ ಎರಡರಷ್ಟು. ಗಂಟೆಗೊಮ್ಮೆ ನಡೆಯುವುದರ ಫಲವು 2 ಗಂಟೆಯೂ, ದಿನಕ್ಕೊಮ್ಮೆ ನಡೆಯುವುದರ ಫಲವು 2 ದಿನವೂ ಉಳಿಯುವುವು. ‘ಪಿ’ ಎಂಬ ಅಕ್ಷರವಿಲ್ಲದ ಸಂಖ್ಯೆಯನ್ನು ಸೆಕೆಂಡುಗಳೆಂದು ತಿಳಿಯಬೇಕು. 7 ದಿನಕ್ಕೆ 604800.

ಆದರೆ ಈ ನಿಯಮವು ಶೋಧನೆಯಿಂದ ಯಾವ ಕ್ರಿಯೆಯೂ ಪ್ರೇರಿತವಾಗದಿದ್ದಾಗ ಮಾತ್ರ ಅನ್ವಯಿಸುವುದು. ಇ-ಮೇಲಿನ ಮೂಲಕ ಎಚ್ಚರಿಕೆಯು ಹೊರಟಿತೆಂದರೆ ಆ ಕ್ರಿಯೆಯ ಅವಧಿಯೇ ಪ್ರಮಾಣ. ಅದು ಸಹಜವಾಗಿ 86400 ಸೆಕೆಂಡು, ಎಂದರೆ 24 ಗಂಟೆ. ಹಲವು ಕ್ರಿಯೆಗಳು ಕೂಡಿದರೆ ದೀರ್ಘತಮವಾದ ಅವಧಿಯು ನಿಲ್ಲುವುದು. ಆದುದರಿಂದ ಶನಿವಾರ ರಾತ್ರಿ ಬಂದ ಎಚ್ಚರಿಕೆಯ ಕೊಂಡಿಯನ್ನು ಸೋಮವಾರ ತೆರೆದವನಿಗೆ ಫಲವು ಕಾಣದು. ಡಿಸ್ಪ್ಯಾಚ್.ಟಿಟಿಎಲ್ ಬೆಲೆಯನ್ನು ಏರಿಸಿದರೂ ಇಲ್ಲಿ ಪ್ರಯೋಜನವಿಲ್ಲ, ‘ಆಕ್ಷನ್.ಇಮೇಲ್.ಟಿಟಿಎಲ್’ ಎಂಬುದನ್ನೇ ಏರಿಸತಕ್ಕದ್ದು.

ಹಾಗೆಂದು ಎಲ್ಲವನ್ನೂ ದೀರ್ಘಕಾಲ ಇಡುವುದೂ ಯುಕ್ತವಲ್ಲ. 5 ನಿಮಿಷಕ್ಕೊಮ್ಮೆ ನಡೆಯುವ ಒಂದೇ ಶೋಧನೆಯ ಫಲಗಳನ್ನು 7 ದಿನವಿಟ್ಟರೆ 2016 ಪ್ರತಿಗಳಾಗುವುವು. ಡಿಸ್ಕಿನ ತೆರವು ಸಹಜ ಮಿತಿಯಾದ 5000 ಮೆಗಾಬೈಟಿಗಿಂತ ಕೆಳಗಿಳಿದರೆ ಹೊಸ ಶೋಧನೆಗಳೇ ನಿಂತುಹೋಗುವುವು. ಫಲವು ಅಳಿದರೂ ಮೂಲದಾಖಲೆಯು ತನ್ನ ಬೇರೆ ಅವಧಿಯವರೆಗೆ ಇರುವುದರಿಂದ ಮರಳಿ ಶೋಧಿಸಲು ಅವಕಾಶವುಂಟು. ಎಚ್ಚರಿಕೆಯನ್ನು ಓದುವವನಿಗೆ ಆಗಬಹುದಾದ ವಿಳಂಬವೆಷ್ಟೋ ಅಷ್ಟೇ ಅವಧಿಯನ್ನು ಕೊಡುವುದು ಉಚಿತ.