ಪೌರಸಂಸ್ಥೆಯೂ ತರುಣರ ಕೈಯ ಮೊಬೈಲೂ

ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಗೆ 2015ರ ನವೆಂಬರ್ ತಿಂಗಳಲ್ಲಿ ಚುನಾವಣೆ ನಡೆದ ಬಳಿಕ ಮತ್ತೊಂದು ಚುನಾವಣೆಯನ್ನು ಆ ನಗರವು ಕಂಡದ್ದು 2026ರ ಜನವರಿ 15ರಂದು. ನವಿಮುಂಬಯಿಯು 2015ರ ಏಪ್ರಿಲ್‌ನಿಂದಲೂ ಥಾಣೆಯು 2017ರ ಫೆಬ್ರವರಿಯಿಂದಲೂ ಇದೇ ದಿನಕ್ಕಾಗಿ ಕಾದಿದ್ದವು. ಐದು ವರ್ಷಗಳ ಅವಧಿ ಮುಗಿಯುವುದಕ್ಕೆ ಮೊದಲೇ ಪೌರಸಂಸ್ಥೆಗಳಿಗೆ ಚುನಾವಣೆ ನಡೆಯತಕ್ಕದ್ದೆಂದು ಸಂವಿಧಾನದ 243-ಯು ವಿಧಿಯು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಮೊದಲು ಕೋವಿಡ್ ಮಹಾಮಾರಿ, ಅನಂತರ ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ, ಆಮೇಲೆ ಪ್ರಭಾಗಗಳ ಮರುವಿಂಗಡಣೆ ಎಂದು ಕಾಲವು ಸರಿಯುತ್ತ ಹೋಗಿ, 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶವಿತ್ತ ಮೇಲೆಯೇ ಮತಯಂತ್ರಗಳು ಹೊರಬಂದವು.

ಇದರ ಅರ್ಥವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದು 2015ರ ಡಿಸೆಂಬರಿನಲ್ಲಿ 18 ವರ್ಷ ತುಂಬಿದ ತರುಣನೊಬ್ಬನು ತನ್ನ ನಗರಸೇವಕರನ್ನು ಆರಿಸಲು ಮೊದಲ ಬಾರಿಗೆ ಮತಗಟ್ಟೆಗೆ ಹೋಗುವಾಗ ಅವನಿಗೆ 28 ವರ್ಷ. ಈ ನಡುವೆ ಅವನು ಲೋಕಸಭೆಗೆ ಎರಡು ಬಾರಿ, ವಿಧಾನಸಭೆಗೆ ಎರಡು ಬಾರಿ ಮತ ಚಲಾಯಿಸಿರುತ್ತಾನೆ. ದಿಲ್ಲಿಯ ಸರಕಾರದಲ್ಲಿ ಅವನಿಗೆ ಪಾಲಿದೆ; ತನ್ನ ಮನೆಯ ಮುಂದಿನ ಗಟಾರದ ವಿಷಯದಲ್ಲಿ ಮಾತ್ರ ಇರಲಿಲ್ಲ. 1989ರಲ್ಲಿ ಸಂವಿಧಾನದ 61ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದಾಗಲೂ, 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯು 21 ತುಂಬಿದವರು ಪೌರಸಂಸ್ಥೆಗೆ ಅಭ್ಯರ್ಥಿಗಳಾಗಬಹುದೆಂದು ಹೇಳಿದಾಗಲೂ, ತರುಣರು ಸಾರ್ವಜನಿಕ ಜೀವನದ ಮೊದಲ ಪಾಠವನ್ನು ತಮ್ಮ ಊರಿನಲ್ಲಿಯೇ ಕಲಿಯಲಿ ಎಂಬ ಆಶಯವಿತ್ತು. ಆ ಶಾಲೆಯೇ ಹಲವು ವರ್ಷ ಮುಚ್ಚಿತ್ತು ಎನ್ನಬೇಕು.

ಆಡಳಿತಾಧಿಕಾರಿಯ ಆಳ್ವಿಕೆಯ ಆ ವರ್ಷಗಳಲ್ಲಿ ನಾಗರಿಕನಿಗೂ ಪಾಲಿಕೆಗೂ ನಡುವೆ ಉಳಿದ ಕೊಂಡಿಯೆಂದರೆ ಬಹುಮಟ್ಟಿಗೆ ಕೈಯಲ್ಲಿನ ಮೊಬೈಲ್ ಫೋನು. ಆದುದರಿಂದ ಈ ಉಪಕರಣದಿಂದ ಏನಾಗುತ್ತದೆ, ಏನಾಗದು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಲ್ಲ.

ಗಣಕಯಂತ್ರದ ಬಳಕೆಯಲ್ಲಿ ನಮ್ಮ ಈ ಭಾಗವು ಹಿಂದುಳಿದದ್ದೇನೂ ಅಲ್ಲ. ಥಾಣೆ ಮಹಾನಗರಪಾಲಿಕೆ 1982ರಲ್ಲಿ, ಕಲ್ಯಾಣದ್ದು 1983ರಲ್ಲಿ, ನವಿಮುಂಬಯಿಯದು 1992ರಲ್ಲಿ ಸ್ಥಾಪಿತವಾದವು. ಇವುಗಳಲ್ಲಿ ಕಲ್ಯಾಣ-ಡೊಂಬಿವಲಿಯು ಶತಮಾನದ ತಿರುವಿನಲ್ಲಿಯೇ ತೆರಿಗೆ, ಜನನ-ಮರಣದ ದಾಖಲೆ, ನೀರಿನ ಬಿಲ್ಲು, ದೂರು ಮೊದಲಾದುವನ್ನು ಒಂದೇ ಜಾಲಕ್ಕೆ ಜೋಡಿಸಿ ನಾಗರಿಕ ಸೌಲಭ್ಯ ಕೇಂದ್ರಗಳನ್ನು ತೆರೆಯಿತು. ಆ ಮಾದರಿಯನ್ನೇ ಮಹಾರಾಷ್ಟ್ರದ ಇತರ ಪೌರಸಂಸ್ಥೆಗಳಿಗೂ ವಿಸ್ತರಿಸಲಾಯಿತು. 2018ರಲ್ಲಿ ಥಾಣೆಯು ಇಸ್ರೇಲಿನ ಟೆಲ್ ಅವೀವ್ ನಗರದ ಮಾದರಿಯನ್ನು ಅನುಸರಿಸಿ ‘ಡಿಜಿ ಠಾಣೆ’ ಎಂಬ ಯೋಜನೆಯನ್ನು ಆರಂಭಿಸಿತು. ಕೇಂದ್ರ ಸರಕಾರದ ‘ಸ್ವಚ್ಛತಾ’ ಆ್ಯಪ್ 2016ರಲ್ಲಿ ಬಂದಿತು. ರಾಜ್ಯ ಸರಕಾರದ ‘ಆಪ್ಲೆ ಸರಕಾರ್’ ಜಾಲತಾಣವೂ 2015ರ ಸಾರ್ವಜನಿಕ ಸೇವಾ ಹಕ್ಕಿನ ಕಾಯಿದೆಯೂ ಇದಕ್ಕೆ ಸ್ವಲ್ಪ ಹಿಂದಿನವು.

ಈ ಎಲ್ಲ ಏರ್ಪಾಡುಗಳಲ್ಲಿಯೂ ಒಂದು ಸಾಮಾನ್ಯ ಗುಣವಿದೆ. ಅವು ನಾಗರಿಕನನ್ನು ಗಿರಾಕಿಯೆಂದು ಭಾವಿಸುತ್ತವೆ. ತೆರಿಗೆ ಕಟ್ಟಿದರೆ ರಸೀದಿ, ಅರ್ಜಿ ಹಾಕಿದರೆ ದಾಖಲೆ. ಇದು ಕಡಮೆಯ ಮಾತಲ್ಲ. ಸರತಿಯಲ್ಲಿ ನಿಂತು ಅರ್ಧ ದಿನದ ರಜೆ ಕಳೆದುಕೊಂಡ ತಲೆಮಾರಿಗೆ ಇದರ ಬೆಲೆ ಚೆನ್ನಾಗಿ ತಿಳಿದಿದೆ. ಆದರೆ ಬ್ಯಾಂಕಿನಲ್ಲಿ ಖಾತೆ ಇರುವವನು ಬೇರೆ, ಅದರ ಪಾಲುಬಂಡವಾಳ ಉಳ್ಳವನು ಬೇರೆ. ಮೊದಲನೆಯವನಿಗೆ ತನ್ನ ಪಾಸ್‌ಬುಕ್ಕು ಸರಿಯಿದ್ದರೆ ಸಾಕು. ಎರಡನೆಯವನು ಅಢಾವೆ ಪತ್ರಿಕೆಯನ್ನು ತರಿಸಿ ಓದುತ್ತಾನೆ, ವಾರ್ಷಿಕ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುತ್ತಾನೆ. ಪೌರಸಂಸ್ಥೆಯ ವಿಷಯದಲ್ಲಿ ನಾವೆಲ್ಲರೂ ಹುಟ್ಟಿನಿಂದಲೇ ಪಾಲುದಾರರು. ಮೊಬೈಲು ಮಾತ್ರ ನಮ್ಮನ್ನು ಖಾತೆದಾರರ ಕಿಟಕಿಗೆ ಕಳುಹಿಸುತ್ತಿದೆ.

ಆದರೂ ಆರಂಭಿಸಬೇಕಾದದ್ದು ದೂರಿನಿಂದಲೇ, ಏಕೆಂದರೆ ತರುಣರಿಗೆ ಅದು ಸುಲಭ ಮತ್ತು ಅದರ ಫಲ ಕಣ್ಣಿಗೆ ಕಾಣುತ್ತದೆ. ಈ ಸಂಚಿಕೆಯ ಆರೋಗ್ಯ ಲೇಖನಗಳೊಡನೆ ಇದನ್ನು ಓದುವವರಿಗೆ ಒಂದು ಉದಾಹರಣೆ ಸಾಕು. ಡೆಂಗೆಯನ್ನು ಹರಡುವ ಈಡಿಸ್ ಸೊಳ್ಳೆಯು ನಿಂತ ಶುದ್ಧ ನೀರಿನಲ್ಲಿ ಮೊಟ್ಟೆಯಿಟ್ಟರೆ, ಅದು ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಕಟ್ಟಡ ಕಾಮಗಾರಿಯ ಜಾಗದಲ್ಲಿ ನೀರು ನಿಂತಿದೆಯೆಂದು ಕಾಗದದ ಅರ್ಜಿ ಬರೆದು, ಅದು ಆವಕ ವಿಭಾಗದಿಂದ ಆರೋಗ್ಯ ವಿಭಾಗಕ್ಕೆ ತಲುಪುವ ಹೊತ್ತಿಗೆ ಒಂದು ಪೀಳಿಗೆಯ ಸೊಳ್ಳೆಗಳು ಹೊರಟುಹೋಗಿರುತ್ತವೆ. ಅದೇ ದಿನ ಸ್ಥಳದ ಗುರುತಿನೊಡನೆ ಛಾಯಾಚಿತ್ರವನ್ನು ಕಳುಹಿಸಿದರೆ ಔಷಧ ಸಿಂಪಡಿಸುವವರು ಸಕಾಲದಲ್ಲಿ ಬರಲು ಅವಕಾಶವಾದರೂ ಇರುತ್ತದೆ. ಇಲ್ಲಿ ಮೊಬೈಲು ಬರಿಯ ಅನುಕೂಲವಲ್ಲ, ರೋಗಕ್ಕೂ ಮನುಷ್ಯನಿಗೂ ನಡೆಯುವ ಓಟದಲ್ಲಿ ಉಳಿಸಿಕೊಟ್ಟ ನಾಲ್ಕು ದಿನಗಳು.

ದೂರು ಕೊಡುವವರು ಮೊದಲು ತಿಳಿಯಬೇಕಾದದ್ದು ದೂರು ಯಾರಿಗೆ ಎಂಬುದು. ನಮ್ಮ ನಗರಗಳಲ್ಲಿ ಇದೇ ದೊಡ್ಡ ತೊಡಕು. ಡೊಂಬಿವಲಿಯ ಔದ್ಯೋಗಿಕ ವಲಯದ ಸುತ್ತ ವಾಸಿಸುವವರನ್ನು ಕೇಳಬೇಕು. 2020ರ ಫೆಬ್ರವರಿಯಲ್ಲಿ ಅಲ್ಲಿಯ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದ ಸುದ್ದಿ ಎಲ್ಲರಿಗೂ ನೆನಪಿರಬಹುದು. 2016ರ ಮೇ ಮತ್ತು 2024ರ ಮೇ ತಿಂಗಳುಗಳಲ್ಲಿ ಅದೇ ವಲಯದ ಕಾರಖಾನೆಗಳಲ್ಲಿ ಭೀಕರ ಸ್ಫೋಟಗಳಾಗಿ ಪ್ರಾಣಹಾನಿಯಾಯಿತು. ಮನೆಯವರಿಗೆ ಕಾಣುವುದು ಒಂದೇ ಊರು. ಕಾಗದದ ಮೇಲೆ ಮಾತ್ರ ಆ ನಿವೇಶನ ಎಂಐಡಿಸಿಗೆ ಸೇರಿದ್ದು, ಗಾಳಿ ಮತ್ತು ತ್ಯಾಜ್ಯ ನೀರು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯದು, ಕಾರ್ಮಿಕರ ಸುರಕ್ಷಿತತೆ ಔದ್ಯೋಗಿಕ ಸುರಕ್ಷಾ ನಿರ್ದೇಶನಾಲಯದ್ದು, ಕಸ ಎತ್ತುವುದು ಪಾಲಿಕೆಯದು. ನವಿಮುಂಬಯಿಯಲ್ಲಿ ಇದೇ ಬಗೆಯ ಗೊಂದಲವು ಪಾಲಿಕೆಗೂ, 1970ರಲ್ಲಿ ಆ ನಗರವನ್ನು ಕಟ್ಟಲೆಂದೇ ಹುಟ್ಟಿದ ಸಿಡ್ಕೋಗೂ ನಡುವೆ. ರೈಲ್ವೆಯ ಹಳಿಯ ಪಕ್ಕದ ನಾಲೆಯಂತೂ ಇನ್ನೊಂದು ಸಾಮ್ರಾಜ್ಯವೇ ಸರಿ. ತಪ್ಪಾದ ಕಚೇರಿಗೆ ಹೋದ ದೂರು ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನೊಡನೆ ಮುಗಿದುಹೋಗುತ್ತದೆ, ಮತ್ತು ಮೊದಲ ಸಲ ದೂರು ಕೊಟ್ಟ ತರುಣನು ಎರಡನೆಯ ಸಲ ಕೊಡುವುದಿಲ್ಲ. ಒಂದು ವಸತಿ ಸಂಕುಲದ ನಾಲ್ಕು ಜನ ಕಾಲೇಜು ವಿದ್ಯಾರ್ಥಿಗಳು ಕೂಡಿ ತಮ್ಮ ಪ್ರಭಾಗದ ಯಾವ ರಸ್ತೆ, ಯಾವ ನಾಲೆ, ಯಾವ ದೀಪ ಯಾವ ಸಂಸ್ಥೆಗೆ ಸೇರಿದ್ದು ಎಂಬ ನಕ್ಷೆಯೊಂದನ್ನು ಸಿದ್ಧಪಡಿಸಿದರೆ, ಆ್ಯಪ್ ಮಾಡದ ಕೆಲಸವನ್ನು ಅವರು ಮಾಡಿದಂತಾಗುತ್ತದೆ.

ಎರಡನೆಯದು ದಾಖಲೆ. ದೂರಿನ ಕ್ರಮಾಂಕವೆಂಬುದು ಹಣ ಕಟ್ಟಿದ ಚಲನಿನ ಉಳಿಕೆ ಭಾಗವಿದ್ದಂತೆ. ಅದಿಲ್ಲದೆ ಮುಂದಿನ ಮಾತಿಲ್ಲ. ಕೆಲಸವಾಗದೆಯೇ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬರುವುದು ಈ ವ್ಯವಸ್ಥೆಗಳ ಹಳೆಯ ರೋಗ. ಅಂತಹ ಸಂದೇಶದ ತಾರೀಖನ್ನೂ ಅದೇ ದಿನದ ಛಾಯಾಚಿತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡರೆ ವಾದಕ್ಕೆ ಎಡೆಯಿಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಫೋನಿನಲ್ಲಿ ಹತ್ತು ದೂರು ಕೊಡುವುದಕ್ಕಿಂತ, ಸೊಸೈಟಿಯ ಹೆಸರಿನಲ್ಲಿ ಒಂದು ಸಾಮಾನ್ಯ ತಖ್ತೆಯನ್ನು ಇಡುವುದು ಮೇಲು: ತಾರೀಖು, ಸ್ಥಳ, ಕ್ರಮಾಂಕ, ಉತ್ತರ, ನಿಜವಾಗಿ ಕೆಲಸವಾದ ದಿನ. ಎರಡು ಮಳೆಗಾಲ ಕಳೆದರೆ ಆ ತಖ್ತೆಯೇ ಮಾತನಾಡುತ್ತದೆ. ಒಂದೇ ಗಟಾರ ಆರು ಸಲ ಕಟ್ಟಿಕೊಂಡಿದ್ದರೆ ಅದಕ್ಕೆ ಬೇಕಾದದ್ದು ಆರು ಸಲದ ಹೂಳೆತ್ತುವಿಕೆಯಲ್ಲ, ಹೊಸ ಕೊಳವೆ. ಅಂದರೆ ಮುಂಗಡಪತ್ರದಲ್ಲಿ ಬಂಡವಾಳ ವೆಚ್ಚ. ಪಾಲಿಕೆಯು ಉತ್ತರ ಕೊಡದಿದ್ದಲ್ಲಿ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಶುಲ್ಕದಲ್ಲಿ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು.

ಇನ್ನು ಸ್ವಚ್ಛತೆಯ ಸ್ಪರ್ಧೆಯ ವಿಷಯ. ರಾಷ್ಟ್ರಮಟ್ಟದ ಸ್ವಚ್ಛ ಸರ್ವೇಕ್ಷಣೆಯಲ್ಲಿ ನಾಗರಿಕರ ಅಭಿಪ್ರಾಯಕ್ಕೂ ಅಂಕಗಳಿವೆ. 2023ರ ಸಮೀಕ್ಷೆಯಲ್ಲಿ ಇಂದೋರ್ ಮತ್ತು ಸೂರತ್‌ಗಳ ಬಳಿಕ ನವಿಮುಂಬಯಿ ಮೂರನೆಯ ಸ್ಥಾನ ಪಡೆದದ್ದು ಅಭಿಮಾನದ ಸಂಗತಿಯೇ. ಆದರೆ ಊರಿಗೆ ಅಂಕ ಬರಲೆಂದು ಒತ್ತುವ ಗುಂಡಿಯನ್ನೂ ಊರನ್ನು ಪರೀಕ್ಷಿಸಲೆಂದು ಕೇಳುವ ಪ್ರಶ್ನೆಯನ್ನೂ ಒಂದೆಂದು ತಿಳಿಯಬಾರದು.

ಪಾಲುದಾರನ ನಿಜವಾದ ಕೆಲಸ ಆರಂಭವಾಗುವುದು ಮುಂಗಡಪತ್ರದಲ್ಲಿ. ಪ್ರತಿವರ್ಷ ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲಿ ಆಯುಕ್ತರು ಇದನ್ನು ಸ್ಥಾಯಿ ಸಮಿತಿಯ ಮುಂದೆ ಇಡುತ್ತಾರೆ, ಅಲ್ಲಿಂದ ಅದು ಮಹಾಸಭೆಗೆ ಹೋಗುತ್ತದೆ. ಆಡಳಿತಾಧಿಕಾರಿಯ ಕಾಲದಲ್ಲಿ ಮಂಡಿಸುವವರೂ ಮಂಜೂರು ಮಾಡುವವರೂ ಒಬ್ಬರೇ ಆಗಿದ್ದರು. ಲೆಕ್ಕಪರಿಶೋಧನೆಯ ಪಾಠ ಓದಿದ ಯಾರೂ ಇದನ್ನು ಒಳ್ಳೆಯ ಪದ್ಧತಿಯೆಂದು ಹೇಳಲಾರರು. ಪಾಲಿಕೆಗಳ ಮುಂಗಡಪತ್ರಗಳು ಜಾಲತಾಣಗಳಲ್ಲಿ ದೊರೆಯುತ್ತವೆ. ನೂರಾರು ಪುಟಗಳೆಂದು ಹೆದರಬೇಕಾಗಿಲ್ಲ. ಪ್ರತಿಯೊಂದು ಬಾಬಿನ ಎದುರು ಮೂರು ಅಂಕಣಗಳನ್ನು ಹುಡುಕಬೇಕು: ಕಳೆದ ವರ್ಷ ಇಷ್ಟು ವೆಚ್ಚ ಮಾಡುತ್ತೇವೆ ಎಂದದ್ದು, ನಡುವೆ ಪರಿಷ್ಕರಿಸಿದ್ದು, ವಾಸ್ತವವಾಗಿ ವೆಚ್ಚವಾದದ್ದು. ಆಸ್ಪತ್ರೆ, ನೀರು, ಒಳಚರಂಡಿ ಈ ಮೂರು ಬಾಬುಗಳಲ್ಲಿ ಮೊದಲನೆಯ ಅಂಕಣಕ್ಕೂ ಮೂರನೆಯ ಅಂಕಣಕ್ಕೂ ಇರುವ ಅಂತರವನ್ನು ಲೆಕ್ಕಹಾಕಿದರೆ, ಯಾವ ಭಾಷಣವೂ ತಿಳಿಸದ ವಿಷಯ ತಿಳಿಯುತ್ತದೆ. ಆದಾಯದ ಬದಿಯಲ್ಲಿ ನೋಡುವುದಾದರೆ, 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಜಕಾತಿ ಹಾಗೂ ಸ್ಥಾನಿಕ ಸಂಸ್ಥಾ ತೆರಿಗೆಯ ಬದಲಿಗೆ ರಾಜ್ಯ ಸರಕಾರ ಕೊಡುವ ಪರಿಹಾರಧನವು ಆಸ್ತಿ ತೆರಿಗೆಯ ಜೊತೆಗೆ ದೊಡ್ಡ ಆಧಾರ. ವಾಣಿಜ್ಯ ಶಾಖೆಯ ಎರಡನೆಯ ವರ್ಷದ ವಿದ್ಯಾರ್ಥಿಗೆ ಇದು ಕಷ್ಟದ ಓದಲ್ಲ. ಪಠ್ಯಪುಸ್ತಕದ ಕಾಲ್ಪನಿಕ ಕಂಪೆನಿಗಿಂತ ಸ್ವಾರಸ್ಯವಾದದ್ದು.

ಓದುವುದರ ಮುಂದಿನ ಹೆಜ್ಜೆ ಸೂಚಿಸುವುದು. ಬ್ರಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರವು 1989ರಲ್ಲಿ ಮುಂಗಡಪತ್ರದ ಒಂದು ಭಾಗವನ್ನು ನಾಗರಿಕರ ಸಭೆಗಳಲ್ಲಿ ತೀರ್ಮಾನಿಸುವ ಪದ್ಧತಿಯನ್ನು ಆರಂಭಿಸಿತು. ನಮಗೆ ಹತ್ತಿರದ ಪುಣೆಯಲ್ಲಿ 2006ರಿಂದ ನಾಗರಿಕರು ತಮ್ಮ ಪ್ರಭಾಗದ ಸಣ್ಣ ಕಾಮಗಾರಿಗಳನ್ನು ಅರ್ಜಿಯ ಮೂಲಕ ಸೂಚಿಸುವ ಪದ್ಧತಿಯಿದೆ. ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆಯು 2015ರಿಂದ ‘ನನ್ನ ನಗರ ನನ್ನ ಬಜೆಟ್’ ಎಂಬ ಅಭಿಯಾನದಲ್ಲಿ ಬಡಾವಣೆಗಳಿಂದ ಸಲಹೆಗಳನ್ನು ಸಂಗ್ರಹಿಸುತ್ತ ಬಂದಿತು. ಆದರೆ ಅಲ್ಲಿಯೂ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಆಡಳಿತಾಧಿಕಾರಿಗಳೇ ಆಳಿದರು. ನಗರಸೇವಕನಿಲ್ಲದ ಸಭೆಗೆ ಕಳುಹಿಸಿದ ಸಲಹೆಯನ್ನು ಎತ್ತಿ ಹಿಡಿಯುವವರು ಯಾರು ಎಂಬ ಪ್ರಶ್ನೆ ಅಲ್ಲಿಯೂ ಇಲ್ಲಿಯೂ ಒಂದೇ.

ಕನ್ನಡಿಗರ ಮನೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಪಾಲಿಕೆಯ ವ್ಯವಹಾರವೆಲ್ಲ ಮರಾಠಿಯಲ್ಲಿ. ಉಡುಪಿ-ಮಂಗಳೂರಿನಿಂದಲೋ ಧಾರವಾಡ-ವಿಜಯಪುರದಿಂದಲೋ ಬಂದ ಹಿರಿಯರು ಮರಾಠಿಯನ್ನು ಆಡಬಲ್ಲರು, ಸರಕಾರಿ ಮರಾಠಿಯನ್ನು ಓದಲು ಹಿಂಜರಿಯುತ್ತಾರೆ. ಇಲ್ಲಿಯ ಶಾಲೆಗಳಲ್ಲಿ ಕಲಿತ ಮಕ್ಕಳಿಗೆ ಆ ತೊಡಕಿಲ್ಲ. 2021ರ ಮೇ ತಿಂಗಳಲ್ಲಿ ಲಸಿಕೆಯ ಸರದಿಯನ್ನು ಕಾಯ್ದಿರಿಸುವ ಕೋವಿನ್ ಜಾಲತಾಣವು ಇನ್ನೂ ಇಂಗ್ಲಿಷಿನಲ್ಲಷ್ಟೇ ಇದ್ದಾಗ, ಎಷ್ಟೋ ಕಟ್ಟಡಗಳಲ್ಲಿ ಅಜ್ಜ-ಅಜ್ಜಿಯರ ಹೆಸರು ನೋಂದಾಯಿಸಿದವರು ಮೊಮ್ಮಕ್ಕಳೇ. ಆಸ್ತಿ ತೆರಿಗೆಯ ರಿಯಾಯಿತಿ, ಪಾಲಿಕೆಯ ದವಾಖಾನೆಯ ಸೌಲಭ್ಯ, ಜ್ಯೇಷ್ಠ ನಾಗರಿಕರ ಯೋಜನೆಗಳು ಇವೆಲ್ಲವೂ ಇಂದಿಗೂ ಹಲವು ಹಿರಿಯರಿಗೆ ತಲುಪದಿರುವುದು ಮಾಹಿತಿಯಿಲ್ಲದೆ ಅಲ್ಲ, ಓದಿ ಹೇಳುವವರಿಲ್ಲದೆ. ಸಂಘಗಳ ಯುವ ವಿಭಾಗಗಳು ವಾರಕ್ಕೆ ಒಂದು ಸಂಜೆ ಇದಕ್ಕಾಗಿ ಕುಳಿತರೆ ಸಾಕು.

ಎಚ್ಚರಿಕೆಯೂ ಬೇಕು. ದೂರುಗಳ ಸಂಖ್ಯೆಯನ್ನೇ ನಂಬಿ ಕೆಲಸ ಹಂಚಿದರೆ, ಫೋನು ಚೆನ್ನಾಗಿ ಬಳಸಬಲ್ಲ ಬಡಾವಣೆಗಳಿಗೆ ದೀಪ ಬರುತ್ತದೆ, ಜೋಪಡಪಟ್ಟಿಯ ನಲ್ಲಿ ಒಣಗಿಯೇ ಇರುತ್ತದೆ. ಮನೆಗೆಲಸದ ಹೆಂಗಸಿನ ದೂರನ್ನೂ ತನ್ನ ತಖ್ತೆಯಲ್ಲಿ ಸೇರಿಸುವ ಹುಡುಗಿಯು ಹೆಚ್ಚು ಉಪಯುಕ್ತ ನಾಗರಿಕಳು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ‘ನಾಳೆ ನೀರಿಲ್ಲ’ ಎಂಬ ಸಂದೇಶವನ್ನು ಪಾಲಿಕೆಯ ಪ್ರಕಟಣೆಯೊಡನೆ ತಾಳೆ ನೋಡದೆ ಮುಂದೆ ಕಳುಹಿಸಬಾರದು. ಛಾಯಾಚಿತ್ರದಲ್ಲಿ ಗಟಾರ ಇರಲಿ, ಪೌರಕಾರ್ಮಿಕನ ಮುಖ ಬೇಡ. ಸಂಬಂಧವಿಲ್ಲದ ಕಡೆ ಆಧಾರ್ ಕ್ರಮಾಂಕ ಕೊಡುವುದಂತೂ ಬೇಡವೇ ಬೇಡ.

2026ರ ಚುನಾವಣೆಯಿಂದ ಥಾಣೆಗೆ 131, ಕಲ್ಯಾಣ-ಡೊಂಬಿವಲಿಗೆ 122, ನವಿಮುಂಬಯಿಗೆ 111 ನಗರಸೇವಕರು ಬಂದಿದ್ದಾರೆ. ಬಹುತೇಕ ಪ್ರಭಾಗಗಳಲ್ಲಿ ನಾಲ್ವರು ಸದಸ್ಯರಿರುವುದರಿಂದ ಯಾವ ಕೆಲಸಕ್ಕೆ ಯಾರನ್ನು ಕೇಳಬೇಕೆಂಬುದು ಹೊಸ ಗೊಂದಲ. ನಾಲ್ವರಿಗೂ ಒಂದೇ ತಖ್ತೆಯನ್ನು ಕಳುಹಿಸುವುದು ಅದಕ್ಕೆ ಸುಲಭೋಪಾಯ. ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ಪ್ರಭಾಗ ಸಮಿತಿಗಳಿರಬೇಕೆಂದು ಸಂವಿಧಾನದ 243-ಎಸ್ ವಿಧಿ ಹೇಳುತ್ತದೆ. ಅವುಗಳ ಸಭೆ ಎಂದು, ಕಾರ್ಯಸೂಚಿ ಏನು ಎಂದು ಕೇಳಿ ಪಡೆಯುವುದಕ್ಕೂ ಫೋನು ಸಾಕು.

ಮತದಾರರ ಪಟ್ಟಿಯ ವಿಷಯದಲ್ಲಿ ಒಂದು ಮಾತು ಉಳಿಯಿತು. 2026ರ ಜನವರಿಯ ಮತದಾನಕ್ಕೆ 2025ರ ಜುಲೈ 1ರಂದು ಇದ್ದ ವಿಧಾನಸಭಾ ಮತದಾರರ ಪಟ್ಟಿಯನ್ನೇ ಆಧಾರವಾಗಿ ಹಿಡಿಯಲಾಗಿತ್ತು. ಆ ಬಳಿಕ 18 ತುಂಬಿದವರು ಹೊರಗುಳಿದರು. ಈಗ ಹೆಸರು ಸೇರಿಸಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1. 17 ತುಂಬಿದವರು ಮುಂಗಡವಾಗಿಯೇ 6ನೆಯ ನಮೂನೆಯ ಅರ್ಜಿಯನ್ನು ಚುನಾವಣಾ ಆಯೋಗದ ಆ್ಯಪಿನಲ್ಲಿ ತುಂಬಬಹುದು. ಮುಂದಿನ ಪಾಲಿಕೆ ಚುನಾವಣೆ ಸಕಾಲದಲ್ಲಿ ನಡೆದರೆ ಅದು 2031ರ ಆರಂಭದಲ್ಲಿ. 2012ರಲ್ಲಿ ಹುಟ್ಟಿ ಇಂದು ಪ್ರೌಢಶಾಲೆಯ ಮೆಟ್ಟಿಲಲ್ಲಿರುವ ಮಕ್ಕಳು ಆಗ ಮತದಾರರು.