ಬಯಲುಸೀಮೆಯ ಕವಿಯೂ ನಾಡಿನ ನುಡಿಯೂ

ಹುಟ್ಟಿದ ನೆಲವೇ ಕವಿಗೆ ಉಸಿರು, ತಾಯ ಮಡಿಲಲ್ಲಿ ಕಲಿತ ಮಾತೇ ಅವನ ಬಲ ಎಂಬ ಅಭಿಪ್ರಾಯವು ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ಕುಪ್ಪಳಿಯ ಕಾಡನ್ನು ಬಿಟ್ಟು ಕುವೆಂಪುರವರನ್ನು ಊಹಿಸುವುದಾದರೂ ಹೇಗೆ? ಆದರೂ ಇದು ಪೂರ್ಣಸತ್ಯವಲ್ಲವೆಂಬುದಕ್ಕೆ ಬೆಂಗಳೂರಿನ ಬಡಗಣ ಬಯಲೇ ಒಬ್ಬ ಕವಿಯನ್ನು ಸಾಕ್ಷಿಯಾಗಿ ಕೊಟ್ಟಿದೆ.

ಹೆಬ್ಬಾಳ, ಯಲಹಂಕಗಳನ್ನು ದಾಟಿ ನಂದಿಬೆಟ್ಟದ ದಾರಿ ಹಿಡಿದರೆ ಸಿಗುವುದು ದೇವನಹಳ್ಳಿ. ಚಕ್ಕೋತದ ಹಣ್ಣಿಗೆ ಹೆಸರಾದ ಈ ಊರಿನಲ್ಲಿ 1936ನೆಯ ಇಸವಿ ಫೆಬ್ರವರಿ 5ರಂದು ಕೆ. ಎಸ್. ನಿಸಾರ್ ಅಹಮದರು ಜನಿಸಿದರು. ಇದು ಜೀವನದಿಯಿಲ್ಲದ ಸೀಮೆ. ಮಳೆಯ ನೀರನ್ನು ಕೆರೆಯಲ್ಲಿ ಹಿಡಿದು ಬದುಕಿದ ಜನ ಇಲ್ಲಿಯವರು. ಅವರ ಮನೆಮಾತು ಉರ್ದು. ಅವರು ವ್ಯಾಸಂಗ ಮಾಡಿದ್ದು ಭೂವಿಜ್ಞಾನ. ಹೀಗಿದ್ದೂ ಕನ್ನಡ ನಾಡಿನ ನದಿ ಗಿರಿಗಳನ್ನು ಮನೆಮನೆಯ ಹಾಡಾಗಿಸಿದವರು ಇವರೇ! ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ ಮಲೆನಾಡು ಅವರ ಕಣ್ಣಿಗೆ ಬಿದ್ದಿತು. 'ನಿತ್ಯೋತ್ಸವ' ಸಂಕಲನವು 1976ರಲ್ಲಿ ಪ್ರಕಟವಾಯಿತು. 1978ರಲ್ಲಿ ಅದರ ಗೀತೆಗಳು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಧ್ವನಿಸುರುಳಿಯಾಗಿ ನಾಡನ್ನೆಲ್ಲ ಸುತ್ತಿದವು. ಜೋಗ, ತುಂಗೆಗಳನ್ನು ಹಾಡಿದವರು ಹಲವರುಂಟು. ಆದರೆ ಸಹ್ಯಾದ್ರಿಯನ್ನು ನೆನೆಯುವಾಗ ಅದರೊಡಲ ಲೋಹದ ಅದಿರನ್ನೂ ನೆನೆದದ್ದು ಕಲ್ಲನ್ನು ಓದಬಲ್ಲ ಕಣ್ಣೇ ಎಂದು ನಾವು ಭಾವಿಸುತ್ತೇವೆ.

ಇದರಿಂದ ಸಿದ್ಧವಾಗುವುದೇನು? ನೆಲವೂ ನುಡಿಯೂ ಕೇವಲ ಪಿತ್ರಾರ್ಜಿತ ಆಸ್ತಿಯಲ್ಲ. ಒಲಿದು ದುಡಿದವನಿಗೆ ದಕ್ಕುವ ಸ್ವಯಾರ್ಜಿತವೂ ಹೌದು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಕನ್ನಡವು ಇವರಾರನ್ನೂ ಹೊಸಿಲಲ್ಲಿ ನಿಲ್ಲಿಸಿ ಕುಲಗೋತ್ರ ಕೇಳಲಿಲ್ಲ. 2006ರಲ್ಲಿ ಶಿವಮೊಗ್ಗೆಯ ಸಾಹಿತ್ಯ ಸಮ್ಮೇಳನಕ್ಕೆ ನಿಸಾರರನ್ನೇ ಅಧ್ಯಕ್ಷರನ್ನಾಗಿ ವರಿಸಿದುದು ಕನ್ನಡದ ಆ ಔದಾರ್ಯಕ್ಕೆ ತಕ್ಕುದೇ ಆಗಿತ್ತು. 2020ರ ಮೇ 3ರಂದು ಅವರು ತೀರಿಕೊಂಡರು.

ಈ ಮಾತನ್ನು ಇಂದು ಹೇಳಲು ಕಾರಣವಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ ಹೆಬ್ಬಾಳದಿಂದಾಚೆಯ ಹೊಲ ತೋಟಗಳು ಬಡಾವಣೆಗಳಾಗುತ್ತಿವೆ. ನಾನಾ ಭಾಷೆಯ ಜನರು ಬಂದು ನೆಲೆಸುತ್ತಿದ್ದಾರೆ. ಬರುವವರು ಬರಲಿ, ಅವರ ಮಕ್ಕಳಲ್ಲಿ ನಾಳಿನ ನಿಸಾರರು ಇರಬಾರದೇಕೆ? ಆದರೆ ಆ ಮಗುವಿನ ಕಿವಿಗೆ ಕನ್ನಡ ಬೀಳಬೇಕು, ಕಣ್ಣಿಗೆ ನೆಲ ಕಾಣಬೇಕು. ಕೆರೆ ಮುಚ್ಚಿದರೆ ನೀರಷ್ಟೇ ಹೋಗುವುದಿಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಗುಂಡುತೋಪು ಎಂಬ ಮಾತುಗಳೂ ಅದರೊಡನೆ ಹೂತುಹೋಗುತ್ತವೆ. ಕಾಣದ ವಸ್ತುವಿನ ಹೆಸರು ನಿಘಂಟಿನಲ್ಲಿ ಉಳಿದೀತು, ನಾಲಗೆಯಲ್ಲಿ ಉಳಿಯಲಾರದು.

ಹೆಬ್ಬಾಳದಲ್ಲಿ 2018ರಲ್ಲಿ ದೊರೆತ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಎಂಟನೆಯ ಶತಮಾನದ್ದು. ಅಂದಿನಿಂದ ಈ ನೆಲದ ಕಲ್ಲು ಕನ್ನಡವನ್ನು ಕಾಪಾಡಿಕೊಂಡು ಬಂದಿದೆ. ಕಲ್ಲು ಮಾಡಿದಷ್ಟನ್ನಾದರೂ ಅಧಿಕಾರಿಗಳೂ ಪುರಜನರೂ ಮಾಡಲಾರರೆ? ಉಳಿದಿರುವ ಕೆರೆಗಳ ಎಲ್ಲೆಯನ್ನು ಕಾಯಲಿ, ಹೊಸ ಬೀದಿಗಳಿಗೆ ಹಳೆಯ ಊರು ಕೆರೆಗಳ ಹೆಸರನ್ನಿಡಲಿ, ಹೊಸದಾಗಿ ಬಂದವರೊಡನೆ ಸಂಕೋಚವಿಲ್ಲದೆ ಕನ್ನಡದಲ್ಲಿ ಮಾತನಾಡಲಿ. ಕವಿಗಳನ್ನು ಹುಟ್ಟಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಅವರು ಹುಟ್ಟಬಹುದಾದ ನೆಲವನ್ನು ಉಳಿಸುವುದು ಸಾಧ್ಯ.